ಬೋರ್ಡಿದೆ, ಸಿಂಹ ಇಲ್ಲ

ನಮ್ಮ ಮನೆ ತ್ಯಾವರೆಕೊಪ್ಪದಲ್ಲಿದೆ ಎಂದರೆ ಬೆಂಗಳೂರಿನ ಸ್ನೇಹಿತರು ಮೊದಲು ಕೇಳುವುದು "ಹುಲಿ ಮನೆ ಹತ್ರ ಬರುತ್ತಾ?" ಎಂದು. ಬರುವುದಿಲ್ಲ. ಶಿವಮೊಗ್ಗದಿಂದ ಸಾಗರದ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್ ಬಂದರೆ ಸಿಗುವ ನಮ್ಮೂರ ಹುಲಿ-ಸಿಂಹ ಸಫಾರಿ 1988ರದ್ದು. ಅಂದಿನಿಂದಲೂ ಹುಲಿ-ಸಿಂಹಗಳು ಬೇಲಿಯ ಒಳಗೆ, ನಾವು ಹೊರಗೆ. ವ್ಯಾನು ಹತ್ತಿದ ದಿನ ಮಾತ್ರ ಅದಲುಬದಲು: ಜಾಲರಿಯ ಒಳಗೆ ನಾವು, ಹೊರಗೆ ಅವು. ಹೇಳದೆ ಕೇಳದೆ ಮನೆಯೊಳಗೇ ಬರುವವರು ನಮ್ಮ ಚಿಕ್ಕಪ್ಪ ಒಬ್ಬರೇ. ನಿವೃತ್ತ ಕನ್ನಡ ಮೇಷ್ಟ್ರು.

ಆವತ್ತೂ ಬಂದರು. ನಾನು ಲ್ಯಾಪ್‌ಟಾಪಿನ ಮುಂದೆ ಕೂದಲು ಕೆರೆದುಕೊಳ್ಳುತ್ತಿದ್ದೆ.

"ಎಂತ ಮಾಡ್ತಾ ಇದೀಯ ಮಾರಾಯ?"

"ಒಂದು ಸೈಟು ಮಾಡ್ತಾ ಇದೀನಿ ಚಿಕ್ಕಪ್ಪ."

ಅವರ ಮುಖ ಅರಳಿತು. "ಒಳ್ಳೇದಾಯ್ತು. ಎಲ್ಲಿ? ಥರ್ಟಿ ಫಾರ್ಟಿನಾ?"

ಶಿವಮೊಗ್ಗದ ಸುತ್ತಮುತ್ತ ಸೈಟು ಎಂಬ ಶಬ್ದಕ್ಕೆ ಇರುವುದು ಒಂದೇ ಅರ್ಥ, ಮೂಲೆ ಸೈಟಾದರೆ ಒಂದೂವರೆ. ಹಾಗಾಗಿ ಕಥೆಯನ್ನು ಬುಡದಿಂದ ಹೇಳಬೇಕಾಯಿತು.

ಅಡಿಕೆ ಧಾರಣೆಯ ನಕ್ಷೆ ಬರೆಯುವ ಪುಟ್ಟ ತಂತ್ರಾಂಶವೊಂದನ್ನು ನಾನು ಪೈಥಾನ್‌ನಲ್ಲಿ ಬರೆದಿದ್ದೆ. ಸರಕು, ಬೆಟ್ಟೆ, ರಾಶಿ, ಗೊರಬಲು, ಈ ನಾಲ್ಕು ಬಗೆಯ ಅಡಿಕೆಯ ದರಗಳನ್ನು ತುಂಬಿದರೆ ಏರಿಳಿತದ ಗೆರೆ ಬರುತ್ತದೆ. ಅದನ್ನು ಬಳಸುವುದು ಹೇಗೆ ಎಂಬ ವಿವರಣೆಯನ್ನೂ ಪುಟಗಟ್ಟಲೆ ಬರೆದಿಟ್ಟೆ. ಓದಿದ ಸ್ನೇಹಿತನೊಬ್ಬ, "ಎಲ್ಲ ಸರಿ, ಒಂದಾದರೂ ಉದಾಹರಣೆ ಕೊಡೋ" ಅಂದ. ನ್ಯಾಯವೇ. ಮಂಡಿಯಲ್ಲಿ ಅಡಿಕೆಯ ವರ್ಣನೆ ಕೇಳಿ ಯಾರೂ ದರ ಕೂಗುವುದಿಲ್ಲ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ನೋಡುತ್ತಾರೆ.

ಆ ಹಿಡಿ ಅಡಿಕೆಯನ್ನು ಚೆನ್ನಾಗಿ ಜೋಡಿಸಿಡುವ ಏರ್ಪಾಡೇ ಸ್ಫಿಂಕ್ಸ್-ಗ್ಯಾಲರಿ. ಸ್ಫಿಂಕ್ಸ್ ಎನ್ನುವುದು ತಂತ್ರಾಂಶದ ಕೈಪಿಡಿಗಳನ್ನು ವೆಬ್ ಪುಟಗಳಾಗಿ ಕಟ್ಟಿಕೊಡುವ ಸಾಧನ. ಪೈಥಾನ್‌ನ ಸ್ವಂತ ಕೈಪಿಡಿಗಾಗಿ ಗೇಯಾರ್ಗ್ ಬ್ರಾಂಡ್ಲ್ ಮಾಡಿದ್ದು, 2008ರಲ್ಲಿ ಹೊರಬಂತು. ಗ್ಯಾಲರಿ ಅದಕ್ಕೆ ಸಿಕ್ಕಿಸುವ ಬಾಲ. ಇದರ ಗುಣ ನನಗೆ ಹಿಡಿಸಿದ್ದು ಒಂದೇ ಕಾರಣಕ್ಕೆ: ನಾವು ಚಿತ್ರ ಅಂಟಿಸುವಂತಿಲ್ಲ. ಉದಾಹರಣೆಯ ಕೋಡನ್ನು ಅದು ತಾನೇ ಓಡಿಸಿ, ಬಂದ ಚಿತ್ರವನ್ನು ಹಿಡಿದು, ಚಿಕ್ಕದು ಮಾಡಿ ಸಾಲಾಗಿ ನೇತುಹಾಕುತ್ತದೆ. ಕೋಡು ಮುಗ್ಗರಿಸಿದರೆ ಮುಗ್ಗರಿಸಿದೆ ಎಂದೇ ತೋರಿಸುತ್ತದೆ. ಚೀಲದ ಮೇಲೆ ರಾಶಿ, ಅಡಿಯಲ್ಲಿ ಗೊರಬಲು ತುಂಬುವ ಆಟ ನಡೆಯುವುದಿಲ್ಲ.

"ಸ್ಫಿಂಕ್ಸ್ ಅಂದ್ರೆ ಈಜಿಪ್ಟಿಂದು ತಾನೆ?" ಚಿಕ್ಕಪ್ಪ ಕೇಳಿದರು. "ಮುಖ ಮನುಷ್ಯಂದು, ಮೈ ಸಿಂಹದ್ದು. ನಮ್ಮ ನರಸಿಂಹನ್ನೇ ತಿರುಗಿಸಿ ಇಟ್ಟಿದಾರೆ. ನಮ್ಮೂರಿಗೆ ಸರಿಯಾಗಿದೆ ಬಿಡು."

ಸೆಟ್ಟಿಂಗ್ ಕಡತದ ಎಕ್ಸ್‌ಟೆನ್ಷನ್ ಪಟ್ಟಿಗೆ ಗ್ಯಾಲರಿಯ ಹೆಸರು ಸೇರಿಸಿದೆ. ಉದಾಹರಣೆಗಳು ಇರುವ ಫೋಲ್ಡರು ಯಾವುದು, ಗ್ಯಾಲರಿ ಕಟ್ಟಬೇಕಾದ ಫೋಲ್ಡರು ಯಾವುದು, ಎರಡೂ ವಿಳಾಸ ಕೊಟ್ಟೆ. ಓಡಿಸಿದರೆ ಕೆಂಪು ಅಕ್ಷರ. ಉದಾಹರಣೆಗಳ ಫೋಲ್ಡರಿನಲ್ಲಿ 'ರೀಡ್‌ಮಿ' ಕಡತ ಇರಬೇಕಂತೆ. ಹೆಬ್ಬಾಗಿಲಿಗೆ ಫಲಕವಿಲ್ಲದೆ ಒಳಗೆ ಹೆಜ್ಜೆ ಇಡುವುದಿಲ್ಲವಂತೆ. ಬರೆದುಕೊಟ್ಟೆ.

"ನರಸಿಂಹ ಆಗಿದ್ರೆ ಇಷ್ಟೊತ್ತಿಗೆ ಕಂಬ ಒಡ್ಕೊಂಡು ಬಂದಿರ್ತಿದ್ದ," ಅಂದರು ಚಿಕ್ಕಪ್ಪ, ಕಾಫಿ ಲೋಟ ಎತ್ತುತ್ತಾ.

ಬಂತು. ಪುಟದಲ್ಲಿ ನಾಲ್ಕು ಶೀರ್ಷಿಕೆ, ನಾಲ್ಕು ಚೌಕ. ನಾಲ್ಕರಲ್ಲೂ ಒಂದೇ ಸಿದ್ಧ ಚಿತ್ರ, ಅಡಿಕೆಗೂ ಅದಕ್ಕೂ ಸಂಬಂಧವಿಲ್ಲ. ಒಂದೇ ಒಂದು ನಕ್ಷೆ ಇರಲಿಲ್ಲ. ನಡುಮಧ್ಯಾಹ್ನ ಸಫಾರಿಗೆ ಹೋದವರ ಪಾಡೂ ಹೀಗೇ. ವ್ಯಾನಿನವರು ಬೆರಳು ತೋರಿಸುತ್ತಾರೆ, ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ, ಸಿಂಹರಾಜ ಮಾತ್ರ ಪೊದೆಯ ಹಿಂದೆ ಅಂಗಾತ ಮಲಗಿರುತ್ತಾನೆ.

"ಬೋರ್ಡಿದೆ, ಸಿಂಹ ಇಲ್ಲ," ಚಿಕ್ಕಪ್ಪ ತೀರ್ಪು ಕೊಟ್ಟರು.

ಒಂದೂವರೆ ಗಂಟೆಯ ಮೇಲೆ ಕಾರಣ ಸಿಕ್ಕಿತು. ಕಡತದ ಹೆಸರು 'ಪ್ಲಾಟ್' ಎಂದು ಶುರುವಾದರೆ ಮಾತ್ರ ಅದು ಕೋಡನ್ನು ಓಡಿಸುತ್ತದೆ. ಉಳಿದವನ್ನು ಬರೀ ಅಚ್ಚುಹಾಕಿ ಸುಮ್ಮನಾಗುತ್ತದೆ. ನಾನು 'ರಾಶಿ', 'ಬೆಟ್ಟೆ' ಎಂದು ಅಡಿಕೆಯ ಹೆಸರನ್ನೇ ಇಟ್ಟಿದ್ದೆ. ಚಿಕ್ಕಪ್ಪನಿಗೆ ಹೇಳಿದೆ.

"ಅದನ್ನೇ ನಾನು ಮೊದಲು ಕೇಳಿದ್ದು! ಪ್ಲಾಟ್ ಇಲ್ದೆ ಸೈಟು ಎಲ್ಲಿಂದ ಬರುತ್ತೆ?"

ಉತ್ತರ ಕೊಡಲಾಗಲಿಲ್ಲ. ಹೆಸರು ಬದಲಿಸಿದೆ, ನಾಲ್ಕೂ ನಕ್ಷೆ ಮೂಡಿದವು.

ಉಳಿದದ್ದು ಒಂದು ಎಚ್ಚರಿಕೆಯ ಸಾಲು: ಶೀರ್ಷಿಕೆಯ ಅಡಿಗೆರೆ ಚಿಕ್ಕದಾಯಿತು ಎಂದು. ಇಲ್ಲಿ ಶೀರ್ಷಿಕೆ ಬರೆದು, ಅದರ ಕೆಳಗೆ ಅಷ್ಟೇ ಉದ್ದಕ್ಕೆ ಸಮಚಿಹ್ನೆಗಳನ್ನು ಒತ್ತಬೇಕು. ನನ್ನ ಶೀರ್ಷಿಕೆ 'ಅಡಿಕೆ ಧಾರಣೆ'. ಚಿಕ್ಕಪ್ಪ ಬೆರಳಿಟ್ಟು ಎಣಿಸಿದರು: "ಅ, ಡಿ, ಕೆ, ಧಾ, ರ, ಣೆ. ಆರಕ್ಷರ. ನಡುವೆ ಜಾಗ ಒಂದು. ಏಳು. ನೀನು ಹಾಕಿರೋದೂ ಏಳೇ. ಇನ್ನೇನಂತೆ ಅದಕ್ಕೆ?"

ಅದರ ಲೆಕ್ಕ ಹನ್ನೊಂದು. ಡಕಾರ ಒಂದು, ಅದರ ಗುಡಿಸು ಇನ್ನೊಂದು. ಕಕಾರ ಒಂದು, ಅದರ ಏತ್ವ ಇನ್ನೊಂದು. ಗುಣಿತಾಕ್ಷರವನ್ನು ಯಂತ್ರ ಒಡೆದು ಎಣಿಸುತ್ತದೆ. ವರ್ಷಾನುಗಟ್ಟಲೆ ಕಾಗುಣಿತ ಕಲಿಸಿದ ಮನುಷ್ಯನ ಮುಂದೆ ಇದನ್ನು ಹೇಳಬಾರದಿತ್ತು. "ಕಾ ಅಂದ್ರೆ ಎರಡಕ್ಷರ ಅಂತ ಬರೆದಿದ್ರೆ ನನ್ನ ಕ್ಲಾಸಲ್ಲಿ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ ಅದನ್ನ," ಎಂದು ಎದ್ದೇಬಿಟ್ಟರು.

ಅವರು ಗೇಟು ದಾಟುವವರೆಗೆ ಕಾದು, ಇನ್ನೂ ನಾಲ್ಕು ಸಮಚಿಹ್ನೆ ಒತ್ತಿದೆ. ಎಚ್ಚರಿಕೆ ಮಾಯವಾಯಿತು.

ಗ್ಯಾಲರಿ ಈಗ ಚೆನ್ನಾಗಿದೆ. ನನ್ನ ಸೈಟು ಬೇಡ, ನಿಜವಾದ ಸಿಂಹವನ್ನೇ ನೋಡುತ್ತೇವೆ ಎನ್ನುವವರು ಮಂಗಳವಾರ ಬಿಟ್ಟು ಬನ್ನಿ. ಆವತ್ತು ಸಫಾರಿಗೆ ರಜೆ. ಚಿಕ್ಕಪ್ಪ ನಮ್ಮನೆಯಲ್ಲೇ ಇರುತ್ತಾರೆ.