ಸ್ವಲ್ಪ ನೋಡಿ ಕೊಡಿ ಸರ್

ಪ್ರಬಂಧ ಸ್ಪರ್ಧೆ, ಅಸೈನ್‌ಮೆಂಟ್ ಎಂದು ಮಂಗಳೂರಿನ ಕಾಲೇಜುಗಳಲ್ಲಿ ಗಡಿಬಿಡಿ ಶುರುವಾಯಿತೆಂದರೆ ನಮ್ಮ ಜಗಲಿಯಲ್ಲಿ ಚಪ್ಪಲಿ ಹೆಚ್ಚಾಗುತ್ತದೆ. ಎಲ್ಲರದೂ ಒಂದೇ ರಾಗ: “ಬರೆದಾಗಿದೆ ಸರ್, ಸ್ವಲ್ಪ ನೋಡಿ ಕೊಡಿ.” ಒಪ್ಪಿಸಬೇಕಾದ್ದು ಮರುದಿನ ಬೆಳಗ್ಗೆ! ನೋಡುವುದೆಂದರೆ ಅವರ ಲೆಕ್ಕದಲ್ಲಿ ಕೊಂಬು, ದೀರ್ಘ ಸರಿಪಡಿಸುವುದು. ಸುಮ್ಮನೆ ಹೊಟ್ಟೆ ಸೀಳಿಸಿಕೊಂಡ ‘ವಿಧ್ಯಾರ್ಥಿ’ಗೆ ಹೊಲಿಗೆ ಹಾಕುವುದು.

ಮೊದಲ ಸಾಲನ್ನು ನಾನು ಹಾಳೆ ಬಿಡಿಸದೆಯೇ ಹೇಳಬಲ್ಲೆ: ‘ಇಂದಿನ ಆಧುನಿಕ ಯುಗದಲ್ಲಿ’. ಕೊನೆಯದೂ ಗೊತ್ತು: ನಾವೆಲ್ಲರೂ ಕೈಜೋಡಿಸುತ್ತೇವೆ. ಪ್ಲಾಸ್ಟಿಕ್ ಇರಲಿ, ವರದಕ್ಷಿಣೆ ಇರಲಿ, ಕೈಜೋಡಿಸಿದರೆ ಮುಗಿಯಿತು. ನಡುವೆ ಇಂಟರ್‌ನೆಟ್ಟಿನ ಎರಡು ಪ್ಯಾರಾ, ಎಐ ಕೊಟ್ಟದ್ದೊಂದು, ಅಣ್ಣನ ಹಳೆಯ ಅಸೈನ್‌ಮೆಂಟಿನದ್ದೊಂದು. ಗಡ್‌ಬಡ್ ಐಸ್‌ಕ್ರೀಮಿನ ಹಾಗೆ ಪದರ ಪದರ. ಗಡ್‌ಬಡ್ ಆದರೂ ರುಚಿಯಾಗಿರುತ್ತದೆ.

ಈ ಊರಿನ ಮಕ್ಕಳಿಗೆ ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ. ಎಷ್ಟೋ ಜನರಿಗೆ ಕನ್ನಡ ಶಾಲೆಯಿಂದ ಬಂದದ್ದು. ಮಾತೇ ಪುಸ್ತಕದ ಹಾಗುಂಟು ಎಂದು ಘಟ್ಟದ ಮೇಲಿನವರು ನಗುವುದೂ ಉಂಟು. ಅಷ್ಟು ಚೆಂದ ಮಾತಾಡುವವರು ಪೆನ್ನು ಹಿಡಿದ ಕೂಡಲೇ ಸುತ್ತೋಲೆ ಹೊರಡಿಸುತ್ತಾರೆ. ಬೆಂಗ್ರೆಯ ಹುಡುಗಿಯೊಬ್ಬಳು ಬರೆದಿದ್ದಳು: ‘ಮೀನುಗಾರಿಕೆಯು ಕರಾವಳಿಯ ಜನಜೀವನದ ಅವಿಭಾಜ್ಯ ಅಂಗವಾಗಿದೆ.’

“ಇದೆಂಥದು ಮಾರಾಯ್ತಿ?”

“ಪಾಯಿಂಟ್ ಸರ್.”

“ನಿಮ್ಮ ಮನೆಯಲ್ಲಿ ಯಾರು ಮೀನಿಗೆ ಹೋಗುವುದು?”

“ಅಪ್ಪ. ಈಗ ಬೋಟ್ ಬಂದ್ ಅಲ್ವಾ, ಜೂನ್ 1ರಿಂದ ಜುಲೈ 31ರವರೆಗೆ. ಅಪ್ಪ ಮನೆಯಲ್ಲೇ ಕೂತರೆ ಅಮ್ಮನಿಗೆ ತಲೆಬಿಸಿ. ಆಗಸ್ಟಿನಲ್ಲಿ ಧಕ್ಕೆಗೆ ಬೋಟ್ ಬಂತು ಅಂದರೆ ಅಮ್ಮನ ಸ್ವರವೇ ಬೇರೆ.”

“ಅದನ್ನೇ ಬರಿ.”

“ಅಯ್ಯೋ ಸರ್, ಅದು ಮಾತಲ್ವಾ!”

ಇನ್ನೊಬ್ಬ ಮಹಾನುಭಾವನಿಗೆ ‘ಜನ’ ಎಂಬುದು ತೀರಾ ಹಗುರ ಅನ್ನಿಸಿತಂತೆ. ಕಂಪ್ಯೂಟರಿನಲ್ಲಿ ಒಂದೇ ಏಟಿಗೆ ಎಲ್ಲ ಕಡೆ ‘ಪ್ರಜೆ’ ಮಾಡಿಬಿಟ್ಟ. ಮಧ್ಯಾಹ್ನದ ಭೋಜನ ‘ಭೋಪ್ರಜೆ’ಯಾಯಿತು, ಅದರ ಪ್ರಯೋಜನ ‘ಪ್ರಯೋಪ್ರಜೆ’! ಕೆಂಪು ಗೆರೆ ಬರಲಿಲ್ಲವೇನಪ್ಪಾ ಎಂದರೆ, “ಕನ್ನಡಕ್ಕೆ ಎಲ್ಲ ಕಡೆಯೂ ಬರ್ತದೆ ಸರ್” ಎಂದ. ಆ ಮಾತು ಹೌದು. ಸಂಧಿ, ವಿಭಕ್ತಿ ಸೇರಿದ ಪದ ಕಂಡರೆ ಸ್ಪೆಲ್‌ಚೆಕ್ ಸರಿಯಿದ್ದದ್ದಕ್ಕೂ ಗೆರೆ ಎಳೆಯುತ್ತದೆ. ನಿಜವಾದ ತಪ್ಪು ಆ ಸಂತೆಯೊಳಗೆ ಆರಾಮವಾಗಿ ಕೂತಿರುತ್ತದೆ.

ಸ್ಪೆಲ್‌ಚೆಕ್ಕೇ ಇಲ್ಲದ ಕಾಲವೂ ಇತ್ತು. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದು ಇದೇ ಊರಿನಲ್ಲಿ, ಕಲ್ಲಚ್ಚಿನಲ್ಲಿ. ಕಲ್ಲಿಗೆ ಬ್ಯಾಕ್‌ಸ್ಪೇಸ್ ಇಲ್ಲ. ಕಿಟೆಲ್ ನಿಘಂಟು 1894ರಲ್ಲಿ ಇಲ್ಲಿಯ ಮಿಶನ್ ಪ್ರೆಸ್ಸಿನಿಂದಲೇ ಬಂತು, 1700 ಪುಟ ದಾಟಿದ್ದು. ಅದರ ಪ್ರೂಫ್ ನೋಡಿದವರ ಕಣ್ಣಿಗೆ ನಮಸ್ಕಾರ. ನಮ್ಮವರಿಗೆ ನಾಲ್ಕು ಪುಟ ಎರಡನೇ ಸಲ ಓದಲು ಪುರುಸೊತ್ತಿಲ್ಲ.

ಹಾಗಾಗಿ ನಮ್ಮ ಜಗಲಿಯ ಕಾನೂನು ಸ್ವಲ್ಪ ಬಿಗಿ. ಮೊಬೈಲಿನಲ್ಲಿ ತೋರಿಸುವ ಹಾಗಿಲ್ಲ, ಪ್ರಿಂಟ್ ತೆಗೆದು ತರಬೇಕು. ಸಾಲಿನ ಕೆಳಗೆ ಸ್ಕೇಲ್ ಇಟ್ಟು ಗಟ್ಟಿಯಾಗಿ ಓದಬೇಕು. ಉಸಿರು ಕಟ್ಟಿದಲ್ಲಿ ವಾಕ್ಯ ತುಂಡು ಮಾಡುವುದು, ನಗು ಬಂದಲ್ಲಿ ಅಡ್ಡಗೆರೆ ಎಳೆಯುವುದು. ಬೆಂಗ್ರೆಯವಳು ‘ಅವಿಭಾಜ್ಯ’ದ ಹತ್ತಿರ ಬಂದವಳೇ ಕಿಸಕ್ಕೆಂದಳು. ಮೊದಲ ಪ್ಯಾರಾ ಪೂರ್ತಿ ಹೋಯಿತು. ಅಪ್ಪ ಬಂದ, ಅಮ್ಮನ ತಲೆಬಿಸಿ ಬಂತು, ಧಕ್ಕೆಯ ಬೋಟೂ ಬಂತು. ಆರು ಪುಟದ್ದು ಎರಡೂವರೆಗೆ ಇಳಿಯಿತು.

ಮುಂದಿನ ವಾರ ಮುಖ ಸಣ್ಣ ಮಾಡಿಕೊಂಡು ಬಂದಳು. “ಕಡಿಮೆ ಆಯ್ತು ಅಂತ ಹೇಳಿದರು ಸರ್, ಕಾಲೇಜಿನಲ್ಲಿ.”

“ಓದಿದರಾ ಅವರು?”

“ಇಲ್ಲ ಸರ್, ಪುಟ ಎಣಿಸಿದರು.”