ಲಘುಬೈರಿಗೆ ಮೀಮಾಂಸೆ

ಮಂಗಳಾಚರಣೆ

ಶಾಸ್ತ್ರವೆಂದ ಮೇಲೆ ಮಂಗಳಾಚರಣೆ ಆಗಲೇಬೇಕು. ವಿಘ್ನನಿವಾರಕನ ಪಟವನ್ನು ಎದುರಿಗೆ ತೂಗುಹಾಕಿಕೊಂಡೇ ಶುರುಮಾಡೋಣವೆಂದರೆ ಗೋಡೆಗೆ ಮೊಳೆ ಇಳಿಯದು. ಮೊಳೆ ನಿಲ್ಲಲು ತೂತು ಬೇಕು, ತೂತಿಗೆ ಬೈರಿಗೆ ಬೇಕು, ಬೈರಿಗೆಯನ್ನು ಆರಿಸಲು ಶಾಸ್ತ್ರ ಬೇಕು, ಶಾಸ್ತ್ರಕ್ಕೆ ಮಂಗಳಾಚರಣೆ ಬೇಕು. ತಾರ್ಕಿಕರು ಇದನ್ನು ಚಕ್ರಕ ದೋಷ ಎನ್ನುತ್ತಾರೆ. ಗರಗರ ತಿರುಗುವ ಯಂತ್ರವೊಂದರ ಶಾಸ್ತ್ರಕ್ಕೆ ಅದು ದೋಷವಲ್ಲ, ಭೂಷಣ. ಆದ್ದರಿಂದ ಪಟವನ್ನು ಕುರ್ಚಿಯ ಮೇಲೆ ಒರಗಿಸಿ ಮುಂದುವರಿಯುತ್ತೇವೆ.

ಅಧಿಕಾರಿ ನಿರ್ಣಯ

ಈ ಶಾಸ್ತ್ರವನ್ನು ಓದಲು ಯಾರು ಅರ್ಹರು? ಪರದೆಯ ಸರಳು ಕೊಂಡು ಆರು ತಿಂಗಳಾದವರು. ‘ನಾಳೆ ಬರ್ತೀನಿ ಸಾರ್’ ಎಂದ ಎಲೆಕ್ಟ್ರಿಷಿಯನ್ನನ ನಾಳೆಯನ್ನು ಮೂರು ಸಲ ಕಂಡವರು. ಕಿಟಕಿಗೆ ಹಳೆಯ ಪಂಚೆ ಕಟ್ಟಿಕೊಂಡು ಮಾನ ಉಳಿಸಿಕೊಂಡಿರುವವರು. ಬಾಡಿಗೆದಾರರಿಗೆ ಅಧಿಕಾರವುಂಟೋ ಇಲ್ಲವೋ ಎಂಬುದು ವಿವಾದಾಸ್ಪದ. ಮುಂಗಡದ ಹಣ ಕೈಗೆ ಹಿಂದಿರುಗುವ ದಿನ ಅದು ತಾನೇ ತೀರ್ಮಾನವಾಗುತ್ತದೆ.

ಶಬ್ದವಿಚಾರ

ಕನ್ನಡದ ‘ತಿರಿ’ ಎಂಬ ಧಾತುವಿಗೆ ಸುತ್ತು ಎಂಬ ಅರ್ಥವೂ ಉಂಟು, ಬೇಡು ಎಂಬ ಅರ್ಥವೂ ಉಂಟು. ಒಂದು ದಾರಿಯಲ್ಲಿ ತಿರುಪು, ಇನ್ನೊಂದರಲ್ಲಿ ತಿರುಪೆ. ವೈಯಾಕರಣರು ಇದನ್ನು ಕಾಕತಾಳೀಯವೆಂದು ಬಿಟ್ಟಾರು. ನಮಗೆ ಇದರಲ್ಲಿ ಗೂಢಾರ್ಥವೇ ಕಾಣುತ್ತದೆ. ಸ್ವಂತ ಡ್ರಿಲ್ ಇಲ್ಲದವನು ತಿರುಪು ತಿರುಗಿಸುವ ಮುನ್ನ ಪಕ್ಕದ ಮನೆಯಲ್ಲಿ ತಿರುಪೆ ಎತ್ತಬೇಕು. ಪಕ್ಕದ ಮನೆಯ ನಿವೃತ್ತ ಇಂಜಿನಿಯರರು ಯಂತ್ರದ ಜೊತೆಗೆ ತಾವೂ ಬಂದು, ನಿಂತು, ನಾವು ಕೊರೆಯುವುದನ್ನು ನೋಡುತ್ತಾರೆ. ಸ್ವಂತ ಡ್ರಿಲ್ ಕೊಳ್ಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ಯಾವ ಶಾಸ್ತ್ರವೂ ಹೇಳಿಲ್ಲ.

ಪುರಾಣ ಪ್ರಮಾಣ

ಲೋಕದ ಮೊದಲ ದೊಡ್ಡ ಬೈರಿಗೆ ಕ್ಷೀರಸಾಗರದಲ್ಲಿ ಓಡಿತು. ಮಂದರ ಪರ್ವತ ಬಿಟ್, ವಾಸುಕಿ ವೈರು. ದೇವತೆಗಳು ಎಳೆದರೆ ಫಾರ್ವರ್ಡ್, ಅಸುರರು ಎಳೆದರೆ ರಿವರ್ಸ್. ಬಿಟ್ ಅಳತೆ ಮೀರಿ ಕೆಳಗಿಳಿದಾಗ ಕೂರ್ಮಾವತಾರವೇ ಡೆಪ್ತ್ ಸ್ಟಾಪ್ ಆಗಿ ನಿಂತಿತು. ಆದರೆ ಗಮನಿಸಿ: ಲಕ್ಷ್ಮಿಗಿಂತ, ಅಮೃತಕ್ಕಿಂತ ಮುಂಚೆ ಬಂದದ್ದು ಹಾಲಾಹಲ. ವೈರಿನ ಡ್ರಿಲ್ಲನ್ನು ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿ, ಏಣಿ ಹತ್ತಿ, ವೈರು ಸಾಲದೆ ಇಳಿದು, ಮತ್ತೆ ಹತ್ತುವಷ್ಟರಲ್ಲಿ ಕರೆಂಟು ಹೋದವನಿಗೆ ಹಾಲಾಹಲದ ರುಚಿ ಗೊತ್ತು. ವಾಸುಕಿಯಿಲ್ಲದ ಮಥನವೇ ಕಾರ್ಡ್‌ಲೆಸ್.

ಇತಿಹಾಸ ಪ್ರಮಾಣ

ಪುರಾಣ ಒಪ್ಪದವರಿಗೆ ಇತಿಹಾಸ. ವಿದ್ಯುತ್ ಬೈರಿಗೆಗೆ ಪೇಟೆಂಟ್ ದೊರೆತದ್ದು 1889ರಲ್ಲಿ, ಮೆಲ್ಬರ್ನ್‌ನಲ್ಲಿ. ಕೈಯಲ್ಲಿ ಹಿಡಿದು ಒಯ್ಯುವಂಥದ್ದನ್ನು 1895ರಲ್ಲಿ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ಫೈನ್ ಸೋದರರು ಮಾಡಿದರು. ವೈರು ಕಡಿದು ಬ್ಯಾಟರಿ ಕಟ್ಟಿದ್ದು 1961ರಲ್ಲಿ, ಬ್ಲ್ಯಾಕ್ ಅಂಡ್ ಡೆಕರ್. 1971ರಲ್ಲಿ ಅಪೋಲೋ 15ರವರು ಬ್ಯಾಟರಿ ಡ್ರಿಲ್ಲನ್ನು ಚಂದ್ರನ ಮೇಲಕ್ಕೇ ಒಯ್ದರು. ಅಲ್ಲಿ ಪ್ಲಗ್ ಪಾಯಿಂಟ್ ಇಲ್ಲವಷ್ಟೆ. ಅಲ್ಲಿಯೂ ಕೊರೆಯುವ ಕೊಳವೆ ನೆಲದಲ್ಲಿ ಕಚ್ಚಿಕೊಂಡು, ಇಬ್ಬರು ಗಗನಯಾತ್ರಿಗಳು ಹೆಗಲು ಕೊಟ್ಟು ಎತ್ತಬೇಕಾಯಿತು. ಹೀಗಿರುವಾಗ ನಮ್ಮ ಅಡುಗೆಮನೆಯಲ್ಲಿ ಬಿಟ್ ಸಿಕ್ಕಿಕೊಂಡರೆ ನಾಚಿಕೆಪಡತಕ್ಕದ್ದಿಲ್ಲ.

ಭೇದತ್ರಯ

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ ಅಕ್ಕಪಕ್ಕ ಕೂತ ಎರಡು ಪಿಸ್ತೂಲುಗಳು ಅಣ್ಣತಮ್ಮಂದಿರಂತೆ ಕಂಡರೂ ಸ್ವಭಾವ ಬೇರೆ.

ಮೊದಲನೆಯದು ಡ್ರಿಲ್. ಅದರ ಬಾಯಿಗೆ ಮೂರು ದವಡೆ, 10 ಮಿ.ಮೀ.ವರೆಗಿನ ದುಂಡು ಬಿಟ್‌ಗಳನ್ನು ಕಚ್ಚುತ್ತದೆ. ಕತ್ತಿನ ಸುತ್ತ ಅಂಕಿಗಳ ಬಳೆ, ಅದೇ ಕ್ಲಚ್. ಇಷ್ಟು ಬಿಗಿಯಾದರೆ ಸಾಕು ಎಂದು ನಾವು ಇಟ್ಟ ಅಂಕಿ ಮುಟ್ಟಿದೊಡನೆ ಕಟಕಟ ಎಂದು ಕೈಬಿಡುತ್ತದೆ. ಸಂಯಮಿ.

ಎರಡನೆಯದು ಇಂಪ್ಯಾಕ್ಟ್ ಡ್ರೈವರ್. ಇದು ಸಿಟಿ ಬಸ್ಸಿನ ಚಾಲಕನ ಒಂದು ಬಗೆಯೆಂದು ತಿಳಿದವರು ಪೂರ್ತಿ ತಪ್ಪಿಲ್ಲ. ಬಾಯಿ ಕಾಲು ಇಂಚಿನ ಷಟ್ಕೋನ. ಆರು ಮೂಲೆಯ ಬಿಟ್ ಬಿಟ್ಟು ಬೇರೇನೂ ಒಲ್ಲದು. ಸ್ಕ್ರೂ ಬಿಗಿಯಾದಾಗ ಒಳಗಿನ ಸುತ್ತಿಗೆ ಅಡಿಗಲ್ಲಿಗೆ ತಿರುಗುವ ದಿಕ್ಕಿನಲ್ಲೇ ನಿಮಿಷಕ್ಕೆ ಮೂರು ಸಾವಿರದ ಆಸುಪಾಸು ಪೆಟ್ಟು ಕೊಡುತ್ತದೆ. ಪುಟ್ಟ 12 ವೋಲ್ಟ್ ಡ್ರಿಲ್‌ನ ತಿರುಚುಬಲ 30 ನ್ಯೂಟನ್ ಮೀಟರಿನ ಸುಮಾರಿಗಿದ್ದರೆ, ಅದೇ ಅಳತೆಯ ಇಂಪ್ಯಾಕ್ಟಿನದು ನೂರರ ಹತ್ತಿರ. ಇಷ್ಟಾದರೂ ನಮ್ಮ ಮಣಿಕಟ್ಟು ತಿರುಚಿಕೊಳ್ಳುವುದಿಲ್ಲ. ಪೆಟ್ಟು ಬಿಟ್ಟುಬಿಟ್ಟು ಬೀಳುವುದರ ಮಹಿಮೆ ಅದು. ಕ್ಲಚ್ ಇಲ್ಲ. ಆದ್ದರಿಂದ ಕಪಾಟಿನ ಪುಟ್ಟ ಹಿತ್ತಾಳೆ ಸ್ಕ್ರೂ ಇದರ ಕೈಗೆ ಸಿಕ್ಕರೆ ರುಂಡ ಬೇರೆ, ಮುಂಡ ಬೇರೆ.

ಇಲ್ಲಿ ಪೂರ್ವಪಕ್ಷ: ‘ಇಂಪ್ಯಾಕ್ಟ್ ಎಂದರೆ ಹೊಡೆತ, ಹೊಡೆದರೆ ಗೋಡೆ ಒಡೆಯುತ್ತದೆ, ಆದ್ದರಿಂದ ಗೋಡೆಗೆ ಇಂಪ್ಯಾಕ್ಟ್ ಡ್ರೈವರೇ ಸರಿ.’ ಖಂಡನೆ: ಇದರ ಪೆಟ್ಟು ಪಕ್ಕಕ್ಕೆ, ಗೋಡೆಗೆ ಬೇಕಾದದ್ದು ನೇರ ಮುಂದಕ್ಕೆ ಬೀಳುವ ಪೆಟ್ಟು. ಅದನ್ನು ಕೊಡುವುದು ಮೂರನೆಯದು, ಎಸ್‌ಡಿಎಸ್ ಬಾಯಿಯ ರೋಟರಿ ಹ್ಯಾಮರ್. ಅದರ ಹೊಟ್ಟೆಯಲ್ಲಿ ಗಾಳಿ ಒತ್ತುವ ಪಿಸ್ಟನ್ನೇ ಇದೆ. ಕೊಳ್ಳಲು ಹೋದವರು ಇದರ ಹೆಸರು ಕೇಳುವುದು ಕಡಿಮೆ. ಗೋಡೆ ಕೇಳುವುದು ಇದನ್ನೇ.

ವೋಲ್ಟ್ ವಿಡಂಬನೆ

ಸೂತ್ರ: ಸೆಲ್ಲನ್ನು ಎಣಿಸು, ಡಬ್ಬವನ್ನು ನಂಬಬೇಡ.

ಭಾಷ್ಯ: ಒಂದು ಲಿಥಿಯಂ ಸೆಲ್ ಅಂದರೆ 3.6 ವೋಲ್ಟ್. ಮೂರಕ್ಕೆ 10.8, ಅದನ್ನೇ 12 ಎನ್ನುತ್ತಾರೆ. ಐದಕ್ಕೆ 18. ಪೂರ್ತಿ ಚಾರ್ಜಾದಾಗ ಸೆಲ್ಲಿಗೆ 4.2ರಂತೆ ಐದೂ ಸೇರಿ 21. ಇದನ್ನು 21 ವೋಲ್ಟ್ ಡ್ರಿಲ್ ಎನ್ನುವುದು ಬೀಗರೂಟ ಮುಗಿಸಿ ಬಂದವನನ್ನು ತಕ್ಕಡಿಗೆ ಹತ್ತಿಸಿದಂತೆ. ತೂಕ ಸುಳ್ಳಲ್ಲ, ಸಮಯ ಸರಿಯಿಲ್ಲ. ಇನ್ನು ಮೈಮೇಲೆ 48, 88 ಎಂದು ಬರೆದುಕೊಂಡು ಬರುವ ಅಗ್ಗದ ಯಂತ್ರಗಳಿವೆ. ಸದರ್ ಪತ್ರಪ್ಪ ರಸ್ತೆಯಲ್ಲಿ ಕೊಂಡ ಹೆಸರಿಲ್ಲದ 48ನ್ನು ಶಾಸ್ತ್ರಸೇವೆಗಾಗಿ ಬಿಚ್ಚಿದೆವು. ಒಳಗೆ ಐದೇ ಸೆಲ್ಲು, ಪಾಂಡವರಂತೆ ಒತ್ತಾಗಿ ಕೂತಿದ್ದವು.

ಗೋತ್ರ ವಿಚಾರ

ಬ್ಯಾಟರಿಯೇ ಗೋತ್ರ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದರ ಯಂತ್ರಕ್ಕೆ ಕೂರುವುದಿಲ್ಲ. ನಮ್ಮ ಹಿರಿಯರು ಸಗೋತ್ರ ವಿವಾಹ ನಿಷೇಧಿಸಿದರು. ಇಲ್ಲಿ ಸಗೋತ್ರವೇ ವಿಧಿ. ಮೊದಲ ಡ್ರಿಲ್ ಕೊಂಡ ದಿನವೇ ಮುಂದೆ ಬರುವ ಇಂಪ್ಯಾಕ್ಟು, ಗರಗಸ, ಧೂಳು ಹೀರುವ ಯಂತ್ರ ಎಲ್ಲಕ್ಕೂ ಜಾತಕ ನಿಶ್ಚಯವಾಗಿರುತ್ತದೆ. ಸಮುದ್ರದಾಚೆಯ ಸಂಬಂಧವನ್ನಂತೂ ವಿಚಾರಿಸಿಯೇ ಒಪ್ಪಬೇಕು. ಅಮೆರಿಕದಿಂದ ನಮ್ಮ ಭಾವಮೈದುನ ಪ್ರೀತಿಯಿಂದ ತಂದುಕೊಟ್ಟ ಡ್ರಿಲ್‌ನ ಚಾರ್ಜರು 120 ವೋಲ್ಟ್‌ನದು. ಇಲ್ಲಿಯ 230ಕ್ಕೆ ಸಿಕ್ಕಿಸಿದೆವು. ಹೋಮ ಸಾಂಗವಾಗಿ ನೆರವೇರಿತು.

ಪ್ರಯೋಗಕಾಂಡ

ಒಂದು ಭಾನುವಾರ ಮಲಗುವ ಕೋಣೆಯ ಕಿಟಕಿಯ ಮೇಲೆ ಪರದೆಯ ಸರಳಿಗೆಂದು 12 ವೋಲ್ಟ್ ಡ್ರಿಲ್ ಹಿಡಿದು ನಿಂತೆವು. ಮೊದಲು ಪುಟ್ಟಿಯ ಬಿಳಿ ಪುಡಿ ಉದುರಿತು, ಆಮೇಲೆ ಗಾರೆಯ ಬೂದು ಪುಡಿ. ಮುಂದೆ ಇಟ್ಟಿಗೆಯ ಕೆಂಪು ಬರಬೇಕು. ಬರಲಿಲ್ಲ. ಬೂದು ಪುಡಿಯೇ ಇನ್ನಷ್ಟು ನುಣ್ಣಗಾಯಿತು, ಕೀರಲು ದನಿ ಎದ್ದಿತು, ಬಿಟ್ಟಿನ ತುದಿ ನೀಲಿಗಟ್ಟಿತು. ಇಪ್ಪತ್ತು ನಿಮಿಷದ ತಪಸ್ಸಿಗೆ ಗೋಡಂಬಿ ಕೂರುವಷ್ಟು ಗುಳಿ.

ಕೊನೆಗೆ ನಾಳೆ ಎಂದವನು ಆ ನಾಳೆಯನ್ನು ಹೊತ್ತು ಬಂದ. ಗುಳಿ ನೋಡಿ, ‘ಸಾರ್, ಇದು ಲಿಂಟಲ್. ಕಾಂಕ್ರೀಟು. ಕಿಟಕಿ ಮೇಲೆ ಇನ್ನೇನಿರುತ್ತೆ?’ ಎಂದ. ಹಳೆಯ ಲಗ್ನಪತ್ರಿಕೆಯೊಂದನ್ನು ಮಡಿಸಿ ಧೂಳು ಬೀಳದಂತೆ ಕೆಳಗೆ ಅಂಟಿಸಿದ. ವೈರಿರುವ ರೋಟರಿ ಹ್ಯಾಮರ್ ಒತ್ತಿದ. ನಾಲ್ಕು ತೂತು, ಒಂದು ನಿಮಿಷ. ಪ್ಲಗ್ಗುಗಳನ್ನು ತಟ್ಟಿದ ಮೇಲೆ ಸ್ಕ್ರೂ ತಿರುಗಿಸಲು ನಮ್ಮ ಪುಟ್ಟ ಡ್ರಿಲ್ಲನ್ನೇ ಕೇಳಿ ಪಡೆದು, ಕ್ಲಚ್ಚನ್ನು ಕೆಳಗಿನ ಅಂಕಿಗೆ ಇಳಿಸಿ, ನಾಲ್ಕನ್ನೂ ಕೂರಿಸಿದ. ‘ಇದಕ್ಕೆ ಇದು ಚೆನ್ನಾಗಿದೆ ಸಾರ್’ ಎಂದ. ನಮ್ಮ ಮೀಮಾಂಸೆಯೆಲ್ಲ ಆ ನಾಲ್ಕು ಪದದಲ್ಲಿ ಮುಗಿದಿತ್ತು.

ಸಿದ್ಧಾಂತ

ಮನೆಗೆ ಮೊದಲು ಬೇಕಾದದ್ದು ಕ್ಲಚ್ ಇರುವ ಪುಟ್ಟ ಡ್ರಿಲ್. ಮರ, ಪ್ಲೈವುಡ್, ತೆಳು ತಗಡು, ಕಪಾಟಿನ ಕೀಲು, ಕುರ್ಚಿಯ ಸಡಿಲ ಕಾಲು, ಇಷ್ಟಕ್ಕೆ 12 ವೋಲ್ಟ್ ಧಾರಾಳ. ತಲೆಯ ಮೇಲೆ ಕೈ ಎತ್ತಿ ಹಿಡಿದಾಗ ಅದರ ಹಗುರವೇ ಪುಣ್ಯ. ಮಂಚ, ಮೆಜ್ಜನೈನು ಎಂದು ಮರಕ್ಕೆ ಉದ್ದುದ್ದ ಸ್ಕ್ರೂ ಇಳಿಸುವ ಹುಚ್ಚಿದ್ದರೆ ಅದೇ ಗೋತ್ರದ ಇಂಪ್ಯಾಕ್ಟ್ ಡ್ರೈವರ್ ಸೇರಿಸಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಇಟ್ಟಿಗೆ ಗೋಡೆಗೆ ಹ್ಯಾಮರ್ ಗುಂಡಿಯಿರುವ 18 ವೋಲ್ಟ್ ಡ್ರಿಲ್ ಸಾಕು. ಕಂಬ, ತೊಲೆ, ಲಿಂಟಲ್‌ಗಳ ಮುಂದೆ ಮಾತ್ರ ವೈರಿರುವ ರೋಟರಿ ಹ್ಯಾಮರನ್ನೇ ಬಾಡಿಗೆಗೆ ತನ್ನಿ, ಇಲ್ಲವೇ ಅದರ ಒಡೆಯನ ನಾಳೆಗೆ ಕಾಯಿರಿ.

ಫಲಶ್ರುತಿ

ಇದನ್ನು ಓದಿದವರ ಮನೆಯ ಪಟಗಳು ಸೊಟ್ಟಗಾಗದಿರಲಿ. ಕೊರೆಯುವ ಮುನ್ನ ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ ವೈರು ಹೋಗಿರಬಹುದೆಂಬುದನ್ನು ಮರೆಯಬೇಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಮತ್ತೆ, ಭಾನುವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ದಯವಿಟ್ಟು ಕೊರೆಯಬೇಡಿ; ಕೆಳಗಿನ ಮನೆಯಲ್ಲಿ ಕೂಸು ಮಲಗಿರುತ್ತದೆ.