ಸುಲಭದ ಕೌದಿ

ಕಷ್ಟದ ನಮೂನೆ ಹಿಡಿದು ಹೊಲಿಯುತ್ತ ಕೂತ ಹೆಂಗಸನ್ನು ಕಂಡರೆ ನನಗೆ ಗೌರವ. ಸುಲಭದ್ದು ಹಿಡಿದು ಕೂತವಳನ್ನು ಕಂಡರೆ ಮಾತ್ರ ಪಕ್ಕಕ್ಕೆ ಹೋಗಿ ಕೂಡಬೇಕೆನಿಸುತ್ತದೆ. ಮೊದಲನೆಯವಳು ಮಾತಾಡುವುದಿಲ್ಲ. ಹಲ್ಲಿನಲ್ಲಿ ದಾರ, ಹುಬ್ಬಿನಲ್ಲಿ ಗಂಟು, ತುಟಿಯ ಮೇಲೆ ಎಣಿಕೆ. "ಊಟಾತೇನ್ರಿ?" ಅಂದರೆ "ಮೂವತ್ತೊಂದು" ಅನ್ನುತ್ತಾಳೆ. ಎರಡನೆಯವಳ ಕೈ ತನ್ನ ಪಾಡಿಗೆ ತಾನು ನಡೆದಿರುತ್ತದೆ. ಬಾಯಿ ಬಿಡುವಾಗಿರುವುದರಿಂದ ಓಣಿಯ ಸಮಾಚಾರವೆಲ್ಲ ಅಲ್ಲೇ ಸಿಗುತ್ತದೆ.

ನಮ್ಮ ಧಾರವಾಡದ ಕಡೆ ಕೌದಿ ಬೇಸಿಗೆಯ ಕೆಲಸ. ಸುಗ್ಗಿ ಮುಗಿದು, ಮಳೆ ಇನ್ನೂ ದೂರ ಇರುವಾಗ ಟ್ರಂಕಿನೊಳಗಿನ ಹಳೆ ಅರಿವೆಗಳೆಲ್ಲ ಹೊರಗೆ ಬರುತ್ತವೆ. ಸವೆದ ಇಳಕಲ್ ಸೀರೆ, ಅಜ್ಜನ ಧೋತರ, ಬಣ್ಣಗೆಟ್ಟ ಕುಬಸ, ಮಕ್ಕಳ ಲಂಗ, ಯಾರದೆಂದು ಈಗ ಯಾರಿಗೂ ನೆನಪಿಲ್ಲದ ಒಂದು ಪ್ಯಾಂಟು. ಪಡಸಾಲೆಯಲ್ಲಿ ಒಂದು ಸೀರೆಯನ್ನು ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಕೈಗೆ ಸಿಕ್ಕ ಭಾರ ಇಡುತ್ತಾರೆ. ಅದರ ಮೇಲೆ ಹರಕು ಅರಿವೆಗಳನ್ನು ಪದರ ಪದರವಾಗಿ ಹರವಿ, ಎಲ್ಲಕ್ಕಿಂತ ಮೇಲೆ ಚೌಕ ಚೌಕ ತುಂಡು ಜೋಡಿಸುತ್ತಾರೆ. ಆಮೇಲೆ ಅಂಚಿನಿಂದ ಹೊಲಿಗೆ ಶುರು. ಸೂಜಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಅಷ್ಟೇ ವಿದ್ಯೆ. ಒಂದು ಸುತ್ತು ಮುಗಿದರೆ ಬೆರಳಗಲ ಒಳಗೆ ಸರಿದು ಇನ್ನೊಂದು ಸುತ್ತು. ಹೀಗೆ ಸುತ್ತಿ ಸುತ್ತಿ ನಡುವಿಗೆ ಬಂದರೆ ಕೌದಿ ಆಯಿತು. ನಕ್ಷೆ ಇಲ್ಲ, ಅಳತೆಪಟ್ಟಿ ಇಲ್ಲ. ಬೆರಳು, ಗೇಣು, ಮೊಳ ಇದ್ದೇ ಇವೆಯಲ್ಲ.

ಇದಕ್ಕೊಂದು ಚಂದದ ಡಿಸೈನು ಯಾಕೆ ಹಾಕುವುದಿಲ್ಲವೆಂದು ದೊಡ್ಡವ್ವನನ್ನು ಒಮ್ಮೆ ಕೇಳಿದ್ದೆ. ಅವಳು ಸೂಜಿ ನಿಲ್ಲಿಸಲಿಲ್ಲ. "ಹೊತ್ಕೊಳ್ಳೂ ಮುಂದ ದೀಪಾ ಆರಸ್ತೀವಿ. ಕತ್ತಲದಾಗ ನಿನ್ನ ಡಿಸೈನ್ ಯಾರಿಗೆ ಕಾಣಸ್ತೈತಿ?"

ಕಲಿಸುವುದೂ ಹಾಗೇ, ಯಾರೂ ಕಲಿಸುವುದಿಲ್ಲ. ಚಾಳೀಸು ಬಂದ ಅಜ್ಜಿಯರಿಗೆ ಸೂಜಿ ಪೋಣಿಸಿಕೊಡಲು ಒಂದು ಸಣ್ಣ ಹುಡುಗಿ ಬೇಕಾಗುತ್ತದೆ. ಆ ನೌಕರಿಗೆ ಸೇರಿದವಳಿಗೆ ನಾಲ್ಕು ದಿನ ಬಿಟ್ಟು ಒಂದು ಮೂಲೆ ಬಿಟ್ಟುಕೊಡುತ್ತಾರೆ. ಮುಂದೆ ಎಷ್ಟೋ ವರ್ಷ ಆ ಮೂಲೆ ಗುರುತು ಸಿಗುತ್ತದೆ. "ಇದ್ಯಾರ ಹೊಲಿಗಿ? ಇರಿವಿ ಹೆಜ್ಜಿ ನಡುವ ಒಂಟಿ ಹೆಜ್ಜಿ ಇಟ್ಟಾರ!" ಆದರೂ ಯಾರೂ ಬಿಚ್ಚುವುದಿಲ್ಲ. ಒಂಟೆ ಹೆಜ್ಜೆಯ ಕೆಳಗೂ ಕಾಲು ಬೆಚ್ಚಗೇ ಇರುತ್ತದೆ.

ನಮ್ಮ ವೈನಿ ಅಮೆರಿಕದ ಓಹಾಯೋದಲ್ಲಿದ್ದಾಳೆ. ನೌಕರಿಯಿಂದ ನಿವೃತ್ತಳಾದ ಮೇಲೆ ಅಲ್ಲಿಯ ಕ್ವಿಲ್ಟ್ ಹೊಲಿಯುವ ಹೆಂಗಸರ ಗುಂಪಿಗೆ ಸೇರಿದಳು. ಅವರದು ನಮ್ಮ ಕೌದಿಯ ದೂರದ ತಂಗಿ ಅನ್ನಬಹುದು, ಒಂದು ವ್ಯತ್ಯಾಸ ಬಿಟ್ಟರೆ. ಅಲ್ಲಿ ಅಂಗಡಿಗೆ ಹೋಗಿ, ಹೊಚ್ಚ ಹೊಸ ಬಟ್ಟೆ ಕೊಂಡುತಂದು, ಅದನ್ನು ತುಂಡು ತುಂಡು ಮಾಡಿ ಮತ್ತೆ ಜೋಡಿಸುತ್ತಾರೆ. ಈ ಸುದ್ದಿ ಕೇಳಿ ದೊಡ್ಡವ್ವ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಹೊಸಾ ಅರಿವಿ? ಕತ್ತರಿ ಹಾಕ್ತಾರ?"

ವೈನಿ ಶುರು ಮಾಡಿದ್ದು 'ನೈನ್ ಪ್ಯಾಚ್' ಎಂಬ ನಮೂನೆಯಿಂದ. ಮೂರು ಸಾಲು, ಸಾಲಿಗೆ ಮೂರು ಚೌಕ. ಲೆಕ್ಕಕ್ಕೆ ಹೆದರುವವರಿಗೂ ಅದು ಹೆದರಿಕೆ ಹುಟ್ಟಿಸುವುದಿಲ್ಲ. ಅದಾದ ಮೇಲೆ 'ಲಾಗ್ ಕ್ಯಾಬಿನ್'. ನಡುವೆ ಒಂದು ಪುಟ್ಟ ಚೌಕ ಇಟ್ಟು ಅದರ ಸುತ್ತ ಪಟ್ಟಿ ಮೇಲೆ ಪಟ್ಟಿ ಕೂಡಿಸುತ್ತ ಹೋಗುವುದು. ನಾವು ಅಂಚಿನಿಂದ ನಡುವಿಗೆ ಬರುತ್ತೇವೆ, ಅವರು ನಡುವಿನಿಂದ ಅಂಚಿಗೆ ಹೋಗುತ್ತಾರೆ. ಎಲಿನರ್ ಬರ್ನ್ಸ್ ಎಂಬಾಕೆ ಈ ನಮೂನೆಯನ್ನು ಒಂದೇ ದಿನದಲ್ಲಿ ಮುಗಿಸುವುದು ಹೇಗೆಂದು 1978ರಲ್ಲಿ ಪುಸ್ತಕವನ್ನೇ ಬರೆದಳು. ಮರುವರ್ಷ ಜಪಾನಿನ ಓಲ್ಫಾ ಕಂಪನಿ ಚಕ್ರದಂತೆ ತಿರುಗುವ ಅಲಗಿನ ಒಂದು ಕತ್ತಿಯನ್ನು ಪೇಟೆಗೆ ತಂದಿತು. ಪದರು ಬಟ್ಟೆಯ ಮೇಲೆ ಒಮ್ಮೆ ಉರುಳಿಸಿದರೆ ಒಟ್ಟಿಗೇ ಎಷ್ಟೋ ಪಟ್ಟಿ ತಯಾರು. ಕತ್ತರಿ ಹಿಡಿದು ಹೆಬ್ಬೆರಳಿಗೆ ಬೊಕ್ಕೆ ಎದ್ದವರಿಗೆಲ್ಲ ಆಗಲೇ ಬಿಡುಗಡೆ ಸಿಕ್ಕಿತು. ವೈನಿಯ 'ಒಂದು ದಿನದ' ಲಾಗ್ ಕ್ಯಾಬಿನ್ ದೀಪಾವಳಿಗೆ ಶುರುವಾಗಿ ಯುಗಾದಿಗೆ ಮುಗಿಯಿತು. ಕೇಳಿದರೆ, "ಆ ಒಂದು ದಿನದಾಗ ಅಡಿಗಿ, ಭಾಂಡಿ, ನಿಮ್ಮಣ್ಣ ಇವೆಲ್ಲಾ ಸೇರಿಲ್ಲ" ಅಂದಳು.

ಇನ್ನೂ ಅವಸರದವರಿಗೆ ಬೇರೆಯೇ ಉಪಾಯ ಇದೆ. ಎರಡೂವರೆ ಇಂಚು ಅಗಲದ ಸುಮಾರು 40 ಪಟ್ಟಿಗಳನ್ನು ಅಂಗಡಿಯವರೇ ಕತ್ತರಿಸಿ ಸುರುಳಿ ಸುತ್ತಿ ಮಾರುತ್ತಾರೆ. ಹೆಸರು ಜೆಲ್ಲಿ ರೋಲ್. ಅವನ್ನು ತುದಿಗೆ ತುದಿ ಹೊಲಿದರೆ ಸುಮಾರು 1,600 ಇಂಚಿನ ಒಂದೇ ಬಾಲ ಆಗುತ್ತದೆ. ಬಾಲವನ್ನು ಅರ್ಧಕ್ಕೆ ಮಡಚಿ ಉದ್ದಕ್ಕೂ ಹೊಲಿದು, ಮತ್ತೆ ಮಡಚಿ ಮತ್ತೆ ಹೊಲಿದು, ಹೀಗೆ ಐದು ಸಲ ಮಾಡಿದರೆ ಸುಮಾರು 50 ಇಂಚು ಅಗಲ, 64 ಇಂಚು ಉದ್ದದ ಕ್ವಿಲ್ಟಿನ ಮೇಲ್ಮೈ ಸಿದ್ಧ. ಯಾವ ಬಣ್ಣದ ಪಕ್ಕ ಯಾವುದು ಬಂತೆಂಬುದು ಹೊಲಿದವಳಿಗೇ ಕೊನೆಗೆ ಗೊತ್ತಾಗುವುದು. ಗುಂಪಿನಲ್ಲಿ ಕೂತು ಯಾರು ಮೊದಲು ಮುಗಿಸುತ್ತಾರೆಂದು ಪಂದ್ಯ ಕಟ್ಟುತ್ತಾರಂತೆ. ನನಗೆ ಈ ನಮೂನೆಯ ಮೇಲೆ ವಿಶೇಷ ಪ್ರೀತಿ. ಹಸಿರಿನ ಪಕ್ಕ ನೇರಳೆ ಇಡಲೋ ಹಳದಿ ಇಡಲೋ ಎಂದು ಯೋಚಿಸುವುದರಲ್ಲೇ ಎಷ್ಟೋ ಕೌದಿಗಳ ಆಯುಷ್ಯ ಮುಗಿದಿದೆ.

ಕಷ್ಟದ್ದನ್ನು ಹೊಲಿಯುವವರೇ ಇಲ್ಲ ಎಂದಲ್ಲ. ವರ್ಮಾಂಟಿನ ಬೆನಿಂಗ್‌ಟನ್ ಮ್ಯೂಸಿಯಂನಲ್ಲಿ ಜೇನ್ ಸ್ಟಿಕಲ್ ಎಂಬಾಕೆ ಹೊಲಿದ ಒಂದು ಕ್ವಿಲ್ಟ್ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದ್ದು. ಮೂಲೆಯಲ್ಲಿ ಆಕೆಯೇ ತನ್ನ ಹೆಸರು, 1863 ಎಂಬ ಇಸವಿ, ತುಂಡುಗಳ ಲೆಕ್ಕ ಎಲ್ಲ ಹೊಲಿದಿಟ್ಟಿದ್ದಾಳೆ: 5,602. ಲೆಕ್ಕ ಇಡದೆ ಬಿಟ್ಟಿದ್ದರೆ ನಾನೇ ಬೇಸರ ಪಡುತ್ತಿದ್ದೆ. ಅಷ್ಟೊಂದು ತುಂಡು ಜೋಡಿಸಿದವಳು ಜಗತ್ತಿಗೆ ಸಂಖ್ಯೆ ಹೇಳದಿದ್ದರೆ ಹೇಗೆ? ಆದರೆ ಅದನ್ನು ಹೊದ್ದು ಮಲಗುವ ಧೈರ್ಯ ಯಾರಿಗಿದೆ? ಬೆಳಕಿಗೆ ಮಾಸೀತೆಂದು ವರ್ಷದಲ್ಲಿ ಕೆಲವೇ ವಾರ ಅದನ್ನು ತೆಗೆದು ತೋರಿಸುತ್ತಾರೆ.

ಸುಲಭದ ನಮೂನೆ ಹೆಂಗಸರಿಗೆ ಹಿಡಿಸುವುದರ ಗುಟ್ಟು ಇಲ್ಲಿದೆ ಎಂದು ನನ್ನ ಎಣಿಕೆ. ಅದನ್ನು ಕೊಟ್ಟುಬಿಡಬಹುದು. ಕೂಸು ಒಂಬತ್ತು ತಿಂಗಳು ಮಾತ್ರ ಕಾಯುತ್ತದೆ, 5,602 ತುಂಡು ಮುಗಿಯುವವರೆಗೆ ತಡೆಯುವುದಿಲ್ಲ. ಮತ್ತೆ ಅದು ಹುಟ್ಟಿ ಬಂದು ಆ ಕೌದಿಯ ಮೇಲೆ ಏನು ಮಾಡುತ್ತದೆಂಬುದು ಎಲ್ಲ ತಾಯಂದಿರಿಗೂ ಗೊತ್ತು. ಮೂರು ವರ್ಷ ಕೂತು ಹೊಲಿದವಳಿಗೆ ಆಗ ಕರುಳು ಚುರ್ ಅಂದೀತು. ಮೂರು ವಾರದಲ್ಲಿ ಮುಗಿಸಿದವಳು ನಕ್ಕು, ತೊಳೆದು, ಬೇಲಿಯ ಮೇಲೆ ಒಣಹಾಕುತ್ತಾಳೆ. ಪಳಗಿದವರೂ ಇದಕ್ಕೇ ಮರಳುತ್ತಾರೆ. ವೈನಿಯ ಗುಂಪಿನಲ್ಲಿ ಬಹುಮಾನ ಗೆದ್ದ ಒಬ್ಬ ಅಜ್ಜಿ, ಗಂಡ ಆಸ್ಪತ್ರೆಯಲ್ಲಿದ್ದಷ್ಟು ದಿನ ಬರೀ ನೈನ್ ಪ್ಯಾಚ್ ಹೊಲಿದಳಂತೆ. ಎಣಿಸುವ ಶಕ್ತಿ ಇರದಿದ್ದಾಗ ಕೈಗಾದರೂ ಏನೋ ಒಂದು ಬೇಕಲ್ಲ.

ಸುಲಭ ಎಂದರೆ ಕಳಪೆ ಎಂದು ಮೂಗು ಮುರಿಯುವವರೂ ಇದ್ದಾರೆ. ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹೊಲದಲ್ಲಿ ದುಡಿದು ಹರಿದ ಪ್ಯಾಂಟುಗಳಿಂದ ಬರೀ ಪಟ್ಟಿ, ಬರೀ ಚೌಕದ ಕ್ವಿಲ್ಟ್ ಹೊಲಿದರು. 2002ರಲ್ಲಿ ಅವು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನ ಗೋಡೆ ಏರಿದವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ಅಷ್ಟು ದೂರ ಯಾಕೆ? ನಮ್ಮ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕವದಿ ನೋಡಿ. ಅದೇ ಸಾದಾ ಹೊಲಿಗೆ, ಅಂಚಿನಿಂದ ನಡುವಿಗೆ. ನಾಲ್ಕು ಮೂಲೆಗೆ ಮಾತ್ರ ಬಟ್ಟೆ ಮಡಚಿ ಮುಕ್ಕೋನೆಯ 'ಫೂಲ' ಕೂಡಿಸುತ್ತಾರೆ. ಫೂಲ ಇಲ್ಲದ ಕವದಿ ಅವರ ಕಣ್ಣಿಗೆ ಬೋಳು.

ಒಂದು ವಿಷಯದಲ್ಲಿ ನನ್ನದು ಪಕ್ಷಪಾತವೇ. ನೈನ್ ಪ್ಯಾಚ್ ಎಷ್ಟೇ ಸುಲಭವಾದರೂ ಚೌಕದ ಮೂಲೆಗೆ ಮೂಲೆ ಕೂಡದಿದ್ದರೆ ದೂರದಿಂದಲೇ ಕಾಣುತ್ತದೆ. ವೈನಿ ಎಷ್ಟೋ ರಾತ್ರಿ ಬಿಚ್ಚುವುದರಲ್ಲೇ ಕಳೆದಿದ್ದಾಳೆ. ಕೌದಿಯಲ್ಲಿ ಆ ತಾಪತ್ರಯ ಇಲ್ಲ. ಎಲ್ಲಿ ಕೂಡಲಿಲ್ಲವೋ ಅಲ್ಲಿ ಮೇಲೊಂದು ತೇಪೆ, ಅದೇ ಡಿಸೈನು.

ನಿಮ್ಮ ಮನೆಯಲ್ಲೂ ನಾಲ್ಕಾರು ಸವೆದ ನೂಲಿನ ಸೀರೆ ಇದ್ದಾವು. ಸ್ಟೀಲು ಪಾತ್ರೆಯವಳು ಓಣಿಗೆ ಬರುವ ಮೊದಲು ಅವನ್ನು ಬೇರೆ ತೆಗೆದಿಡಿ. ಮೊದಲ ಸಲಕ್ಕೆ ಕೂಸಿನ ಅಳತೆ, ಎರಡು ಮೊಳ ಉದ್ದ ಇದ್ದರೆ ಸಾಕು. ಚೌಕಗಳು ದೊಡ್ಡವಿರಲಿ. ಪಾಲಿಯೆಸ್ಟರ್ ಸೇರಿಸಬೇಡಿ, ಸೂಜಿಯ ಕೆಳಗೆ ಜಾರುತ್ತದೆ, ಬೆವರನ್ನೂ ಹೀರುವುದಿಲ್ಲ. ಮಗನ ಹಳೆ ಜೀನ್ಸಿನ ಆಸೆಗೂ ಬೀಳಬೇಡಿ. ಅದಕ್ಕೆ ದಬ್ಬಣ ಬೇಕು.